ಅರ್ಧ ಹೇಳಿದ ಮಾತು

ಬೆಳಿಗ್ಗೆ ಎದ್ದರೆ ಅವಳು ಮುಖಕ್ಕಿಂತ ಮೊದಲು ಕಾಲು ತೊಳೆಯುತ್ತಾಳೆ. ಬಚ್ಚಲಲ್ಲಿ ಗಿಡ್ಡ ಮಣೆಯ ಮೇಲೆ ಕುಳಿತು, ಒರಟು ಕಲ್ಲಿನಿಂದ ಹಿಮ್ಮಡಿಗಳನ್ನು ತಿಕ್ಕಿ, ಉಗುರಿನ ಸಂದುಗಳನ್ನು ಹಳೆಯ ಬ್ರಷ್ಷಿನಿಂದ ಬಿಡಿಸಿ, ಒರೆಸಿ, ಬೆರಳುಗಳ ನಡುವೆ ಒಂದೊಂದು ತೊಟ್ಟು ಎಣ್ಣೆ ಸವರುತ್ತಾಳೆ. ಜ್ವರದಲ್ಲಿ ನಡುಗುತ್ತಿದ್ದ ದಿನವೂ ಇದು ತಪ್ಪಿಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ ಕುಡಿಯುವ ನೀರನ್ನೇ ಒಂದು ಚೊಂಬು ಎತ್ತಿಕೊಂಡು ಹೋಗಿ ಅತ್ತೆಯಿಂದ ಬೈಸಿಕೊಂಡಿದ್ದಾಳೆ.

“ಮದುವೆ ಹೆಣ್ಣೂ ಇಷ್ಟು ಉಜ್ಜಿಕೊಳ್ಳಲ್ಲ ಕಣೇ,” ಎಂದು ಅತ್ತೆ ಬಾಗಿಲಾಚೆಯಿಂದ ಕೂಗುತ್ತಾರೆ. “ಇನ್ನು ಸ್ವಲ್ಪ ತಿಕ್ಕಿದ್ರೆ ಮೂಳೆ ಕಾಣುತ್ತೆ ನೋಡು!”

“ಕಂಡ್ರೆ ಅದಕ್ಕೂ ಎಣ್ಣೆ ಹಚ್ತೀನಿ ಬಿಡಿ ಅತ್ತೆ.”

ಅವಳ ಕಾಲುಗಳನ್ನು ದಿನವೂ ಹತ್ತಿರದಿಂದ, ಬಹಳ ಹೊತ್ತು ನೋಡುವವರು ಇದ್ದಾರೆ. ಅವಳ ಕೆಲಸ ಒಂದು ಹಳೆಯ ಹೋಟೆಲಿನ ನೆಲಮಾಳಿಗೆಯ ಸ್ಪಾದಲ್ಲಿ. ಅತಿಥಿಗಳ ಮೈಗೆ ಬೆಚ್ಚನೆಯ ಎಣ್ಣೆ ತಿಕ್ಕಿ, ಗಂಟು ಕಟ್ಟಿದ ನರ ಬಿಡಿಸಿ, ಹಬೆಯ ಕೋಣೆಗೆ ಕಳಿಸುವುದು. ಮಲಗುವ ಮೇಜಿನ ತಲೆಕಡೆಗೆ ಮುಖ ಇಡಲು ದುಂಡನೆಯ ತೂತಿದೆ. ಬೋರಲು ಮಲಗಿದವರಿಗೆ ಆ ತೂತಿನಿಂದ ಕಾಣುವುದು ಕಲ್ಲಿನ ನೆಲ, ನೀರಿನ ಬಟ್ಟಲಲ್ಲಿ ತೇಲಿಬಿಟ್ಟ ಒಂದು ಹೂವು, ಮತ್ತು ಅವಳ ಬರಿಗಾಲು. ಅವಳಿಗೆ ಕಾಣುವುದು ಅವರ ಬೆನ್ನು. ಎದ್ದು ಕುಳಿತ ಮೇಲೆ ಮುಖ ನೋಡಿ ‘ಇವರೇನಾ ಅವರು’ ಅನ್ನಿಸುವುದೂ ಉಂಟು. ಬೆನ್ನು ನೋಡಿ ಅವಳು ಇನ್ನೊಂದೇ ಮುಖ ಕಟ್ಟಿಕೊಂಡಿರುತ್ತಾಳೆ.

ಇಷ್ಟಕ್ಕೆ ಬಟ್ಟೆಮನೆಯ ಮಾವ ಅವಳಿಗೆ ‘ಹಿಮ್ಮಡಿ ಅಕ್ಕ’ ಎಂದು ಹೆಸರಿಟ್ಟ. ಹೋಟೆಲಿನ ಹಾಸಿಗೆ ಬಟ್ಟೆ, ಟವೆಲು, ಪರದೆಗಳೆಲ್ಲ ಅವನ ವಶ. ಯಾರಿಗೂ ನಿಜವಾಗಿ ಮಾವನಲ್ಲ, ಆದರೆ ಎಲ್ಲರಿಗೂ ಮಾವ. ಆ ಕಟ್ಟಡದ ಚರಿತ್ರೆಯನ್ನು ಅವನು ಹೇಳಬೇಕು, ನಾವು ಕೇಳಬೇಕು. ಹಿಂದೆ ಅದು ಯಾವನೋ ದೊಡ್ಡ ವ್ಯಾಪಾರಿಯ ಮನೆ. ಗೋಡೆ ಎಷ್ಟು ದಪ್ಪವೆಂದರೆ ಕಿಟಕಿಯ ದಂಡೆಯ ಮೇಲೆ ಒಬ್ಬರು ಕಾಲು ಮಡಚಿ ಮಲಗಬಹುದು. ಕೋಣೆಗಳಿಗೆ ನಂಬರಿಲ್ಲ, ಬಣ್ಣವಿದೆ. ಹಸಿರು ಕೋಣೆ, ನೀಲಿ ಕೋಣೆ, ಕಾವಿ ಕೋಣೆ. ನೆಲಮಾಳಿಗೆಯಲ್ಲಿ ಆಗ ಎಣ್ಣೆಯ ಜಾಡಿಗಳನ್ನು ಸಾಲಾಗಿ ಇಡುತ್ತಿದ್ದರಂತೆ.

“ಆಗಲೂ ಎಣ್ಣೆ, ಈಗಲೂ ಎಣ್ಣೆ,” ಅನ್ನುತ್ತಾನೆ ಮಾವ. “ಆಗ ಜಾಡಿಗೆ ತುಂಬ್ತಿದ್ರು, ಈಗ ಜನಕ್ಕೆ ಸವರ್ತಾರೆ. ಅಷ್ಟೇ ವ್ಯತ್ಯಾಸ.”

ಎಣ್ಣೆಗಿಂತ ಹೆಚ್ಚಾಗಿ ಆ ನೆಲಮಾಳಿಗೆಯಲ್ಲಿ ತುಂಬಿದ್ದು ಮಾತು. ಮುಖ ಕಾಣದಿದ್ದಾಗ ಮನುಷ್ಯರಿಗೆ ಮಾತು ಸಲೀಸು. ಬೆನ್ನಿನ ಮೇಲೆ ಬೆಚ್ಚನೆಯ ಕೈ ಓಡಾಡುತ್ತಿರುತ್ತದೆ, ಕಣ್ಣ ಮುಂದೆ ಎರಡು ಪಾದ ಅಲುಗದೆ ನಿಂತಿರುತ್ತವೆ. ಮಗ್ಗುಲಲ್ಲಿ ಮಲಗುವ ಗಂಡನಿಗೆ ಹೇಳದ್ದನ್ನು, ಹೆತ್ತ ತಾಯಿಗೆ ಹೇಳದ್ದನ್ನು ಜನ ಆ ಪಾದಗಳಿಗೆ ಹೇಳುತ್ತಿದ್ದರು. ಅವಳು “ಹೂಂ” ಅನ್ನುತ್ತಿದ್ದಳು. ಒಮ್ಮೊಮ್ಮೆ “ಅಯ್ಯೋ ಪಾಪ” ಅನ್ನುತ್ತಿದ್ದಳು. ಎಣ್ಣೆ ಒರೆಸಿದ ಟವೆಲನ್ನು ಬುಟ್ಟಿಗೆ ಹಾಕುವಾಗ ಕೇಳಿದ ಮಾತನ್ನೂ ಅದರ ಜೊತೆ ಹಾಕಿಬಿಡುತ್ತಿದ್ದಳು.

ಮನೆಯಲ್ಲೂ ಅಷ್ಟೇ. ಗಂಡ ಲಾರಿ ಓಡಿಸುವವನು, ಮನೆಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಇರುವುದು ಅತ್ತೆ ಸೊಸೆ ಇಬ್ಬರೇ. ಹಗಲೆಲ್ಲ ಒಬ್ಬರೇ ಕೂತು ಬೇಸತ್ತ ಅತ್ತೆಗೆ ಸಂಜೆ ಒಂದು ಕಥೆ ಬೇಕು. “ಇವತ್ತು ಯಾರು ಬಂದಿದ್ರು? ಏನಂದ್ರು?” ಎಂದು ಶುರು ಮಾಡುತ್ತಾರೆ.

“ಬೆನ್ನು ನೋವು ಅಂದ್ರು ಅತ್ತೆ.”

“ಅಷ್ಟು ದೂರದಿಂದ ಬಂದು ಬರೀ ಬೆನ್ನು ನೋವು ಅಂದ್ರಾ? ದೇವರು ನಿನಗೆ ಬಾಯಿ ಕೊಟ್ಟಿದ್ದೇ ದಂಡ.”

ಒಳಗೊಳಗೇ ಅವಳಿಗೆ ಅದೊಂದು ಹೆಮ್ಮೆ. ದೇವರ ಮುಂದೆ ಕೈಮುಗಿದಾಗ ‘ನಾನು ಯಾರ ಮಾತನ್ನೂ ಹೊರಗೆ ಹಾಕಿಲ್ಲಪ್ಪ’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಹೇಳಿಕೊಳ್ಳಲು ಅವಳ ಹತ್ತಿರ ಬೇರೆ ಪುಣ್ಯವೇನೂ ಇರಲಿಲ್ಲ.

ಇಷ್ಟರಲ್ಲಿ ಅವಳ ಬಲಗೈ ಹೆಬ್ಬೆರಳು ಕೈಕೊಡತೊಡಗಿತು. ವರ್ಷಗಟ್ಟಲೆ ಒತ್ತಿ ಒತ್ತಿ ಬುಡದ ಕೀಲು ಊದಿಕೊಂಡಿತು. ಬೆಳಿಗ್ಗೆ ಡಬ್ಬಿಯ ಮುಚ್ಚಳ ತಿರುಗಿಸಲು ಆಗದೆ ಅತ್ತೆಗೆ ಕೊಡುತ್ತಿದ್ದಳು. ಅತ್ತೆ ಮುಚ್ಚಳ ತೆಗೆದುಕೊಟ್ಟು ಅವಳ ಕೈಯನ್ನೊಮ್ಮೆ, ಮುಖವನ್ನೊಮ್ಮೆ ನೋಡಿ ಸುಮ್ಮನಾಗುತ್ತಿದ್ದರು. ಎಲ್ಲದಕ್ಕೂ ಬಾಯಿ ಹಾಕುವ ಅತ್ತೆ ಇದೊಂದರ ಮಾತೆತ್ತುತ್ತಿರಲಿಲ್ಲ. ಹೋಟೆಲಿನಲ್ಲಿ ಅವಳು ಹೆಬ್ಬೆರಳು ಮಡಚಿ, ಮೊಣಕೈಯಿಂದ, ಗೆಣ್ಣುಗಳಿಂದ ಕೆಲಸ ತೆಗೆಯುವುದನ್ನು ಕಲಿತಳು. ಯಾರಿಗೂ ತಿಳಿಯಬಾರದು. ಕೈ ಕೆಟ್ಟ ಕೈಯಾಳನ್ನು ಯಾರು ಇಟ್ಟುಕೊಳ್ಳುತ್ತಾರೆ?

ಆಗಲೇ ಮೇಲಿನ ಹಜಾರದ ಕುರ್ಚಿ ಖಾಲಿಯಾಯಿತು. ಮೆಟ್ಟಿಲ ಪಕ್ಕ ಕುಳಿತು, ಬಂದ ಅತಿಥಿಗಳಿಗೆ ಏನು ಬೇಕು ಏನು ಬೇಡ ಎಂದು ವಿಚಾರಿಸಿಕೊಳ್ಳುವವರ ಕುರ್ಚಿ ಅದು. ಅಲ್ಲಿದ್ದವಳು ಕೆಲಸ ಬಿಟ್ಟಿದ್ದಳು. “ಹೊರಗಿನಿಂದ ಯಾರನ್ನೂ ತರಲ್ಲ. ನಿಮ್ಮಲ್ಲೇ ಒಬ್ಬರು. ಅತಿಥಿಯ ಮನಸ್ಸು ಯಾರಿಗೆ ಅರ್ಥ ಆಗುತ್ತೋ ಅವರು,” ಎಂದು ಮ್ಯಾನೇಜರಮ್ಮ ಎಲ್ಲರ ಮುಂದೆ ಹೇಳಿದರು. ಕೂತು ಮಾಡುವ ಕೆಲಸ, ಹೆಬ್ಬೆರಳು ಬೇಡದ ಕೆಲಸ. ಅಂದಿನಿಂದ ಆ ಕುರ್ಚಿ ಅವಳ ಕಣ್ಣಿಗೆ ಕಟ್ಟಿತು.

ಅದು ಸಿಗುವ ದಾರಿ ಮಾತ್ರ ಕಿವಿ ಸಭೆಯ ಮೂಲಕವೇ ಹೋಗುತ್ತಿತ್ತು. ಹಾಗೆಂದು ಹೆಸರಿಟ್ಟವನೂ ಮಾವನೇ. ದಿನದ ಕೆಲಸ ಶುರುವಾಗುವ ಮೊದಲು ಎಲ್ಲರೂ ಅಡುಗೆಮನೆಯ ಹಿಂದಿನ ಅಂಗಳದಲ್ಲಿ ನಿಲ್ಲಬೇಕು. ಮ್ಯಾನೇಜರಮ್ಮ ಕೇಳುವ ಪ್ರಶ್ನೆ ಒಂದೇ: “ನಿನ್ನೆ ಯಾರ ಕಿವಿಗೆ ಏನು ಬಿತ್ತು?” ಕಾವಿ ಕೋಣೆಯವರು ಎಡಗೈಯಲ್ಲಿ ತಿನ್ನುತ್ತಾರೆ ಎಂದು ಬಡಿಸುವವನು ಹೇಳುತ್ತಾನೆ, ಮರುದಿನದಿಂದ ಅವರ ಕಪ್ಪಿನ ಹಿಡಿ ಎಡಕ್ಕೆ ತಿರುಗಿರುತ್ತದೆ. ನೀಲಿ ಕೋಣೆಯವರ ದಿಂಬು ಬೆಳಿಗ್ಗೆ ನೆಲದ ಮೇಲಿರುತ್ತದೆ ಎಂದು ಮಾವ ಹೇಳುತ್ತಾನೆ. ಸಂಜೆಗೆ ತೆಳ್ಳನೆಯ ದಿಂಬು ಬಂದಿರುತ್ತದೆ. ಅತಿಥಿಗಳು ಬೆರಗಾಗುತ್ತಾರೆ. ‘ಇಲ್ಲಿಯವರು ಕೇಳದೆಯೇ ಮನಸ್ಸು ಓದುತ್ತಾರೆ’ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಆ ಹೋಟೆಲಿಗೆ ಜನ ಬರುತ್ತಿದ್ದುದೇ ಆ ಅನುಭವಕ್ಕೆ.

ಕೇಳಿ ಕೇಳಿ ತುಂಬಿಹೋದ ಹೆಣ್ಣು ಆ ಸಾಲಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ನಿಲ್ಲುತ್ತಿತ್ತು.

“ಹಿಮ್ಮಡಿ ಅಕ್ಕನ ಅತಿಥಿಗಳೆಲ್ಲ ಮೂಕರು ಮೇಡಂ,” ಎಂದು ಮಾವ ಚಟಾಕಿ ಹಾರಿಸಿದ. “ನೆಲಮಾಳಿಗೆಗೆ ಇಳಿದವರ ನಾಲಗೆ ಅಲ್ಲೇ ಬಿದ್ದುಹೋಗುತ್ತೆ.”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಮ್ಯಾನೇಜರಮ್ಮ ನಗಲಿಲ್ಲ. ಅವಳ ಕಡೆ ಒಮ್ಮೆ ನೋಡಿ, ‘ಇವಳಿಂದ ಆಗಲ್ಲ’ ಅನ್ನುವ ಹಾಗೆ ಮುಂದಿನವರ ಕಡೆ ತಿರುಗಿದರು. ಆ ನೋಟ ಅವಳಿಗೆ ದಿನವಿಡೀ ಚುಚ್ಚಿತು.

ಅದೇ ವಾರ ಹಸಿರು ಕೋಣೆಗೆ ಟೀಚರಮ್ಮ ಬಂದರು. ಹೈಸ್ಕೂಲಿನಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ಜೊತೆಗೆ ಅವರ ನಾದಿನಿ, ಅಂದರೆ ಗಂಡನ ತಂಗಿ, ಮತ್ತು ನೆಂಟರ ಪೈಕಿ ಹೆಂಗಸರು ಕೆಲವರು. ಎಲ್ಲರೂ ಸೇರಿ ನಾಲ್ಕು ದಿನ ಆರಾಮವಾಗಿ ಇದ್ದು ಹೋಗೋಣವೆಂದು ಬಂದಿದ್ದರು. ಮೆಟ್ಟಿಲಿಳಿಯುವಾಗಲೇ ಟೀಚರಮ್ಮನ ದನಿ ಕೇಳಿಸಿತು: “ದೀಪ ಇಷ್ಟು ಮಂಕಾಗಿಟ್ರೆ ಜಾರಿ ಬೀಳಲ್ವಾ ಜನ?”

ಅವರ ಬೆನ್ನು ಹಲಗೆಯಂತೆ ಬಿಗಿದುಕೊಂಡಿತ್ತು. ಭುಜದ ಗಂಟು ಸಡಿಲವಾಗುತ್ತಿದ್ದ ಹಾಗೆ ತೂತಿನೊಳಗಿಂದ ದನಿ ಬಂತು.

“ನಿನ್ನ ಕಾಲು ಎಷ್ಟು ಚೆನ್ನಾಗಿಟ್ಕೊಂಡಿದೀಯಮ್ಮ.”

“ನೋಡೋರು ಇದಾರಲ್ಲಮ್ಮ, ಅದಕ್ಕೆ.”

ಅವರು ನಕ್ಕರು, ನಗು ಬೆನ್ನಿನಲ್ಲಿ ಅಲುಗಿದ್ದು ಅವಳ ಕೈಗೆ ತಿಳಿಯಿತು. ಮತ್ತೆ ಅವರೇ ಮಾತೆತ್ತಿದರು.

“ನನ್ನ ಮಗಳೂ ಹೀಗೇ, ಕಾಲು ಅಂದ್ರೆ ಪ್ರಾಣ ಅವಳಿಗೆ. ನಾಳೆ ಅವಳ ಹುಟ್ಟುಹಬ್ಬ.”

“ಒಳ್ಳೇದಾಗಲಿ ಅಮ್ಮ. ಫೋನ್ ಮಾಡಿ ಹರಸ್ತೀರಲ್ಲ?”

“ಮಾಡಿದ್ರೆ ಎತ್ತಲ್ಲ.” ದನಿ ಸ್ವಲ್ಪವೂ ಬದಲಾಗಲಿಲ್ಲ, ಪಾಠ ಓದಿದ ಹಾಗೆ. “ಎತ್ತದೆ ವರ್ಷಗಳಾಯ್ತು. ನಾನು ಒಂದು ಮಾತು ಹೆಚ್ಚಾಡಿದ್ದೆ. ಆಡಬಾರದಿತ್ತು. ಮೇಲಿದಾರಲ್ಲ ನಮ್ಮವರು, ಅವರಿಗೆಲ್ಲ ವಾರ ವಾರ ಮಾತಾಡ್ತಾಳೆ ಅಂತ ಹೇಳ್ಕೊಂಡು ಬಂದಿದೀನಿ. ನಾದಿನಿಗೂ ಹಾಗೇ ಹೇಳಿದೀನಿ. ಇಷ್ಟು ವರ್ಷ ಮಕ್ಕಳಿಗೆ ಸುಳ್ಳು ಹೇಳಬೇಡಿ ಅಂತ ಬೆತ್ತ ಹಿಡಿದೋಳು ನಾನು. ನೋಡು ಹೇಗಿದೆ.”

ಅವಳು ‘ಹೂಂ’ ಅನ್ನಲೂ ಇಲ್ಲ. ಬೆನ್ನ ಮೇಲೆ ಎರಡೂ ಅಂಗೈ ಊರಿ ಸುಮ್ಮನೆ ನಿಂತಳು. ಒಂದು ಹನಿ ನೆಲದ ಮೇಲೆ, ಅವಳ ಬೆರಳಿನ ಹತ್ತಿರವೇ ಬಿತ್ತು.

ಮರುದಿನ ಬೆಳಿಗ್ಗೆ ಕಿವಿ ಸಭೆಯಲ್ಲಿ ಅವಳು ಕೈ ಎತ್ತಿದಳು.

ನಾಲಗೆ ಜಾರಿತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ನಾಲಗೆ ಜಾರಿರಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬರುವಾಗಲೇ, ಹೇಳಬಹುದಾದದ್ದು ಇಷ್ಟು, ಹೇಳಬಾರದ್ದು ಇಷ್ಟು ಎಂದು ಕತ್ತರಿ ಹಾಕಿ ಬೇರೆ ಮಾಡಿಟ್ಟುಕೊಂಡಿದ್ದಳು. ಹುಟ್ಟುಹಬ್ಬ ಅನ್ನುವುದು ಸಂತೋಷದ ಸಂಗತಿ, ಅದರಲ್ಲಿ ಯಾರ ಗುಟ್ಟೂ ಇಲ್ಲ. ಒಂದು ಹೂಗುಚ್ಛ ಕೋಣೆಗೆ ಕಳಿಸುತ್ತಾರೆ, ಪಾಪ, ಆ ತಾಯಿಗೂ ಒಂದು ಸಮಾಧಾನ. ಹೀಗೆಲ್ಲ ತನ್ನನ್ನೇ ಒಪ್ಪಿಸಿಕೊಂಡಿದ್ದಳು.

“ಹಸಿರು ಕೋಣೆಯ ಅಮ್ಮನವರ ಮಗಳದ್ದು ಇವತ್ತು ಹುಟ್ಟುಹಬ್ಬ ಮೇಡಂ.”

“ಅರೆ!” ಮ್ಯಾನೇಜರಮ್ಮನ ಮುಖ ಅರಳಿತು. “ನೋಡಿ, ಇಂಥದ್ದು ಬೇಕು ನನಗೆ. ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ಕಿವಿನ?” ಎಂದು ಹತ್ತಿರ ಬಂದು ಅವಳ ಬೆನ್ನು ತಟ್ಟಿದರು. ಅಲ್ಲೇ ಹುಕುಂ ಆಯಿತು. ಸಂಜೆಯ ಚಹಾದ ಹೊತ್ತಿಗೆ ಅತಿಥಿಗಳು ಕೂರುವ ಒಳಂಗಳದಲ್ಲಿ ಕೇಕು, ದೀಪ, ಎಲ್ಲರೂ ಸೇರಿ ಹಾಡುವುದು.

ಅವಳು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. “ಕೋಣೆಗೇ ಕಳಿಸಿದ್ರೆ ಸಾಕಲ್ವಾ ಮೇಡಂ?” ಎಂದಳು.

“ಏ, ಕೋಣೆಯೊಳಗೆ ಏನು ಮಜಾ ಇದೆ?”

ಮಧ್ಯಾಹ್ನ ಒಬ್ಬ ಅತಿಥಿಯ ಕೆಲಸ ಮುಗಿಸಿ ಅವಳು ಅಡುಗೆಮನೆಯ ಬಾಗಿಲವರೆಗೆ ಹೋದಳು. ಬೇಕರಿ ಕೆಲಸದವನು ಕೇಕಿನ ಮೇಲೆ ಗುಲಾಬಿ ಬಣ್ಣದ ಕೆನೆಯಿಂದ ‘ಮುದ್ದಿನ ಮಗಳಿಗೆ’ ಎಂದು ಬರೆಯುತ್ತಿದ್ದ. “ಹೇಗಿದೆ ಅಕ್ಕ?” ಎಂದು ಕೇಳಿದ. ಆಗ ಒಂದು ಮಾತು ಹೇಳಿದ್ದರೆ ನಿಲ್ಲುತ್ತಿತ್ತು. ಆದರೆ ಏನೆಂದು ಹೇಳುವುದು? ಉಳಿದರ್ಧ ಹೇಳದೆ ಮೊದಲರ್ಧವನ್ನು ವಾಪಸ್ಸು ಪಡೆಯುವ ದಾರಿ ಇರಲಿಲ್ಲ. ಜೊತೆಗೆ, ಸುಳ್ಳೇಕೆ, ಬೆನ್ನು ತಟ್ಟಿದ ಆ ಕೈಯ ಬಿಸಿ ಇನ್ನೂ ಆರಿರಲಿಲ್ಲ. “ಚೆನ್ನಾಗಿದೆ,” ಎಂದು ಹೇಳಿ ನೆಲಮಾಳಿಗೆಗೆ ಇಳಿದಳು.

ಸಂಜೆ ಮ್ಯಾನೇಜರಮ್ಮ ಅವಳನ್ನು ಕರೆಸಿಕೊಂಡರು. “ನೀವೂ ನೋಡಬೇಕು, ಇದು ನಿಮ್ಮ ಕೊಡುಗೆ.” ಅವಳು ಅಂಗಳದ ಕಂಬದ ಹಿಂದೆ ನಿಂತಳು.

ಹೆಂಗಸರೆಲ್ಲ ಚಹಾ ಕುಡಿಯುತ್ತ ಏನೋ ತಮಾಷೆಯಲ್ಲಿದ್ದರು. ಕೇಕು ಬಂತು. ಬಡಿಸುವವರು, ಮಾವ, ಮ್ಯಾನೇಜರಮ್ಮ, ಎಲ್ಲರೂ ಚಪ್ಪಾಳೆ ತಟ್ಟುತ್ತ ಹಾಡಿದರು. ಟೀಚರಮ್ಮ ಕೇಕಿನ ಮೇಲಿನ ಅಕ್ಷರ ಓದಿದರು. ಅವರ ಮುಖದಲ್ಲಿ ಏನೂ ಆಗಲಿಲ್ಲ. ಕೈಯಲ್ಲಿದ್ದ ಕಪ್ಪನ್ನು ಮಾತ್ರ ತಟ್ಟೆಯ ಮೇಲೆ ಬಹಳ ನಿಧಾನವಾಗಿ, ಸದ್ದಾಗದಂತೆ ಇಟ್ಟರು.

“ಅಯ್ಯೋ ಅತ್ತಿಗೆ, ಇವತ್ತಲ್ವಾ ಅವಳ ಹುಟ್ಟುಹಬ್ಬ! ನಮಗೆ ನೆನಪೇ ಇಲ್ಲ, ಹೋಟೆಲಿನವರಿಗೆ ನೆನಪಿದೆ ನೋಡಿ,” ಎಂದು ನಾದಿನಿ ಹಣೆ ಬಡಿದುಕೊಂಡರು. “ಫೋನ್ ಹಚ್ಚಿ, ಫೋನ್ ಹಚ್ಚಿ. ಎಲ್ಲರೂ ಸೇರಿ ಹಾಡೋಣ.”

“ಬೆಳಿಗ್ಗೆನೇ ಮಾತಾಡಿದೆ.”

“ಇನ್ನೊಂದ್ಸಲ ಮಾತಾಡಿದ್ರೆ ಸವೆದು ಹೋಗ್ತೀರಾ? ಹಚ್ಚಿ ಅತ್ತಿಗೆ.”

ಟೀಚರಮ್ಮ ಫೋನು ತೆಗೆದು ಒತ್ತಿದರು. ಎಲ್ಲರಿಗೂ ಕೇಳಲಿ ಎಂದು ನಾದಿನಿ ಪಕ್ಕದಿಂದ ಸ್ಪೀಕರು ಹಾಕಿದರು. ಗಂಟೆ ಹೊಡೆಯಿತು, ಹೊಡೆಯಿತು, ಹೊಡೆದು ಹೊಡೆದು ನಿಂತಿತು.

“ಕೆಲಸದಲ್ಲಿದಾಳೆ,” ಎಂದರು ಟೀಚರಮ್ಮ.

“ತಡೀರಿ, ನನ್ನದರಿಂದ ಮಾಡ್ತೀನಿ.” ನಾದಿನಿ ತಮ್ಮ ಫೋನು ತೆಗೆದರು. ಎರಡನೆಯ ಗಂಟೆಗೇ ಅಂಗಳದ ತುಂಬ ಹುಡುಗಿಯ ದನಿ ಬಂತು. “ಹಲೋ ಅತ್ತೆ! ಏನತ್ತೆ ಈ ಹೊತ್ತಲ್ಲಿ?”

ಹೆಂಗಸರೆಲ್ಲ ಒಟ್ಟಿಗೆ ಹಾಡಿದರು. ಆ ಕಡೆಯಿಂದ ನಗು, “ಅಯ್ಯೋ, ಎಲ್ಲಿದೀರಾ ಎಲ್ಲರೂ, ಏನಿದು ಗಲಾಟೆ?” ನಾದಿನಿ ಸಂಭ್ರಮದಲ್ಲಿ, “ತಗೋ, ಅಮ್ಮ ಇಲ್ಲೇ ಇದಾರೆ, ಮಾತಾಡು,” ಎಂದು ಫೋನನ್ನು ಟೀಚರಮ್ಮನ ಬಾಯಿಯ ಹತ್ತಿರ ಹಿಡಿದರು.

ಟೀಚರಮ್ಮ “ಪುಟ್ಟಾ” ಎಂದರು.

ಫೋನು ಕಟ್ಟಾಯಿತು.

ಮೊಂಬತ್ತಿಯ ಮೇಣ ಕೇಕಿನ ಅಕ್ಷರದ ಮೇಲೆ ಇಳಿಯುತ್ತಿತ್ತು. ಆಮೇಲೆ ಟೀಚರಮ್ಮ ತಾವೇ ತಲೆಯೆತ್ತಿ, ನೆಲಮಾಳಿಗೆಯ ದೀಪದ ಬಗ್ಗೆ ಗದರಿದ ಅದೇ ದನಿಯಲ್ಲಿ, “ಎಂಥ ಗೋಡೆಗಳಪ್ಪ ಇವು! ಇಷ್ಟು ದಪ್ಪ ಇದ್ರೆ ಮಾತು ಹೊರಗೆ ಹೇಗೆ ಹೋಗುತ್ತೆ?” ಎಂದರು.

“ಕ್ಷಮಿಸಿ ಅಮ್ಮ, ಹಳೇ ಕಟ್ಟಡ, ಸಿಗ್ನಲ್ ಒಂದೊಂದ್ಸಲ ಹೋಗುತ್ತೆ,” ಎಂದು ಮ್ಯಾನೇಜರಮ್ಮ ಕೈಜೋಡಿಸಿದರು. ಎಲ್ಲರಿಗೂ ಉಸಿರು ಬಂತು. ಎಲ್ಲರೂ ಸೇರಿ ಗೋಡೆಗಳನ್ನು ಬೈದರು. ಅವರು ಕುಳಿತಿದ್ದ ಅಂಗಳಕ್ಕೆ ಮೇಲೆ ಚಾವಣಿಯೇ ಇರಲಿಲ್ಲ. ಮುಚ್ಚಿದ ಗೋಡೆಯ ಮಾತು ಯಾಕೆ ಬಂತು ಎಂದು ಯಾರೂ ಕೇಳಲಿಲ್ಲ. ನಾದಿನಿ ಫೋನನ್ನು ಚೀಲದೊಳಗೆ ಹಾಕಿ, ಆ ಚೀಲದ ಕೊಂಡಿಯನ್ನೇ ನೋಡುತ್ತ ಕುಳಿತರು. ಅವರಿಗೆ ಅರ್ಥವಾಗಿತ್ತು.

ಟೀಚರಮ್ಮ ಕೇಕು ಕತ್ತರಿಸಿದರು. ಒಬ್ಬೊಬ್ಬರಿಗೂ ತಾವೇ ಎದ್ದು ಹಂಚಿದರು. ಹಂಚುತ್ತ ಹಂಚುತ್ತ ಕಂಬದ ಹತ್ತಿರ ಬಂದರು. ಅವಳ ಮುಖ ಅವರಿಗೆ ಗುರುತು ಸಿಗಲಿಲ್ಲ, ನೆಲಮಾಳಿಗೆಯಲ್ಲಿ ಸರಿಯಾಗಿ ನೋಡಿಯೇ ಇರಲಿಲ್ಲ. ಆದರೆ ತಟ್ಟೆ ಕೊಡುವಾಗ ಅವರ ಕಣ್ಣು ಕೆಳಗಿಳಿದು ಅವಳ ಕಾಲಿನ ಮೇಲೆ ನಿಂತಿತು. ನೆಲಮಾಳಿಗೆಯಿಂದ ಅವಸರದಲ್ಲಿ ಬರಿಗಾಲಲ್ಲೇ ಬಂದಿದ್ದಳು.

“ತಗೊಳ್ಳಿ,” ಎಂದರು.

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ. ನಿನ್ನೆ ‘ನೀನು’ ಎಂದಿದ್ದವರು ಇಂದು ಬಹುವಚನ ಹಚ್ಚಿದ್ದರು. ಕೆನ್ನೆಗೆ ಎರಡು ಬಿಟ್ಟಿದ್ದರೂ ಅಷ್ಟು ಉರಿಯುತ್ತಿರಲಿಲ್ಲ.

ಅವಳು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿತ್ತು. ಮಾವನ ಮನೆ ಅದೇ ಬೀದಿಯ ತುದಿಯಲ್ಲಿ. ಅತ್ತೆ ಬಾಗಿಲಲ್ಲೇ ಹಿಡಿದರು.

“ಕುರ್ಚಿ ನಿಂದೇ ಅಂತೆ! ಮ್ಯಾನೇಜರು ಬೆನ್ನು ತಟ್ಟಿದ್ರಂತೆ! ಆ ಬಟ್ಟೆಯೋನು ಹೇಳಿ ನಾನು ಕೇಳಬೇಕಾ ನನ್ನ ಸೊಸೆ ವಿಷಯನ?”

“ಇನ್ನೂ ಏನೂ ಆಗಿಲ್ಲ ಅತ್ತೆ.”

“ಆಗುತ್ತೆ. ಆ ಹೆಬ್ಬೆರಳಿಗೆ ವಿಶ್ರಾಂತಿ ಸಿಗುತ್ತೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದೀಯಾ? ದಿನಾ ಮುಚ್ಚಳ ತೆಗೆಯೋಳು ನಾನು.” ಅತ್ತೆ ಅವಳ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡು, ಊದಿದ ಕೀಲಿನ ಮೇಲೆ ಮೆತ್ತಗೆ ಸವರಿದರು. ಆ ಮುದುಕಿಯ ಸಂತೋಷವನ್ನು ನೋಡಲಾರದೆ ಅವಳು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ದೀಪ ಹಚ್ಚಿ ದೇವರ ಮುಂದೆ ಕುಳಿತಾಗ, ಎಂದಿನ ಆ ಒಂದು ಮಾತು ಹೇಳಿಕೊಳ್ಳಲು ಬಾಯಿ ಬರಲಿಲ್ಲ. ತಪ್ಪಾಯಿತು ಎಂದಳು. ಹೇಳಿದ ಮೇಲೆ ಹಗುರವಾಗಬೇಕಿತ್ತು, ಆಗಲಿಲ್ಲ. ದೇವರಿಗೆ ಹೇಳುವುದರಲ್ಲಿ ಕಷ್ಟವೇನಿದೆ? ಅವನಿಗೆ ಮೊದಲೇ ಗೊತ್ತಿರುತ್ತದೆ. ಹೇಳಬೇಕಾದವರು ಹಸಿರು ಕೋಣೆಯಲ್ಲಿದ್ದರು.

ಮರುದಿನ ಟೀಚರಮ್ಮನವರು ಹೊರಡುವ ಮೊದಲು ಇನ್ನೊಂದು ಸಲ ನೆಲಮಾಳಿಗೆಗೆ ಬರುವುದೆಂದು ಮುಂಚೆಯೇ ನಿಶ್ಚಯವಾಗಿತ್ತು. ಬರಲಾರರು ಎಂದು ಅವಳು ನಂಬಿದ್ದಳು. ಬಂದರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದ ಕೂಡಲೇ ಅವಳ ಧೈರ್ಯ ಉಡುಗಿಹೋಯಿತು. ಜೊತೆ ಕೆಲಸದವಳನ್ನು ಕರೆದು, “ಇವರನ್ನ ನೀನು ನೋಡ್ಕೊಳ್ಳೇ, ನನಗೆ ತಲೆ ಸಿಡೀತಿದೆ,” ಎಂದು ಟವೆಲು ಮಡಚುವ ಕೋಣೆಯಲ್ಲಿ ಅವಿತಳು.

ಸ್ವಲ್ಪ ಹೊತ್ತಿಗೆ ಜೊತೆಯವಳು ಹಣೆ ಗಂಟಿಕ್ಕಿಕೊಂಡು ಬಂದಳು. “ಅಕ್ಕ, ಅವರು ನಿಮ್ಮನ್ನೇ ಕೇಳ್ತಿದಾರೆ. ಮಲಗಿದೋರು ಕೆಳಗೆ ನೋಡಿ, ‘ಇವು ಆ ಕಾಲಲ್ಲ’ ಅಂತ ಎದ್ದು ಕೂತುಬಿಟ್ರು.”

ಅವಳು ಹೋದಳು. ಹೋಗಿ ಮೇಜಿನ ತಲೆಕಡೆ ನಿಂತಳು. ಟೀಚರಮ್ಮ ಮತ್ತೆ ಬೋರಲು ಮಲಗಿ ತೂತಿನಲ್ಲಿ ಮುಖವಿಟ್ಟರು. ಆ ದಿನ ಬೆಳಿಗ್ಗೆಯೂ ತಿಕ್ಕಿ ತೊಳೆದಿದ್ದ ಕಾಲುಗಳನ್ನು ಎಲ್ಲಿ ಅಡಗಿಸುವುದೆಂದು ಅವಳಿಗೆ ತಿಳಿಯಲಿಲ್ಲ. ಬೆರಳುಗಳನ್ನು ಒಳಕ್ಕೆ ಮಡಚಿಕೊಂಡಳು. ಎಣ್ಣೆ ಸುರಿದಳು. ಬೆನ್ನು ಮತ್ತೆ ಹಲಗೆಯಾಗಿತ್ತು.

“ನೀವು ಹೇಳಿದ್ರಾ?” ಎಂದು ದನಿ ಬಂತು.

“ಹೌದಮ್ಮ.”

“ಪೂರ್ತಿನಾ?”

“ಇಲ್ಲಮ್ಮ, ಅರ್ಧ. ಹುಟ್ಟುಹಬ್ಬ ಅನ್ನೋದಷ್ಟೇ.”

“ಯಾಕೆ ಅರ್ಧ?”

“ಉಳಿದಿದ್ದು ನಿಮ್ಮದು, ಹೇಳಬಾರದು ಅಂತ.”

“ಮೊದಲಿಂದೂ ನಂದೇ ಆಗಿತ್ತಲ್ಲ.”

ಅವಳ ಕೈ ನಿಂತುಹೋಯಿತು. “ತಪ್ಪಾಯ್ತಮ್ಮ,” ಎಂದಳು. ನಿನ್ನೆಯಿಂದ ಬಾಯಲ್ಲೇ ಇಟ್ಟುಕೊಂಡಿದ್ದ ಮಾತು, ಹೊರಬಂದಾಗ ತೀರಾ ಸಣ್ಣದಾಗಿ ಕೇಳಿಸಿತು. ಕಾರಣ ಕೇಳುವರೆಂದು ಅವಳು ತಾನೇ ಮುಂದುವರಿಸಿದಳು. “ಮೇಲೆ ಒಂದು ಕೂತು ಮಾಡೋ ಕೆಲಸ ಇದೆ. ಬೆಳಿಗ್ಗೆ ಎಲ್ಲರೂ ಏನಾದ್ರೂ ಹೇಳ್ತಾರೆ. ನಾನೊಬ್ಬಳೇ ಬಾಯಿ ಮುಚ್ಕೊಂಡು ನಿಂತಿರ್ತಿದ್ದೆ. ಅದಕ್ಕೆ ಹೇಳಿದೆ. ನಿಮಗೆ ಒಳ್ಳೇದಾಗಲಿ ಅಂತ ಹೇಳಿದೆ ಅಂದ್ರೆ ಅದು ಸುಳ್ಳು.”



“ಕೈ ಎತ್ತೋ ಆಸೆ,” ಎಂದರು ಟೀಚರಮ್ಮ. “ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತಿರೋರಿಗೆ ಅದು ಜಾಸ್ತಿ. ಎಷ್ಟು ಜನರನ್ನ ನೋಡಿದೀನಿ.” ಕ್ಷಮಿಸಿದೆ ಎಂದು ಅವರು ಅನ್ನಲಿಲ್ಲ, ಬೈಯಲೂ ಇಲ್ಲ. ತಮ್ಮಷ್ಟಕ್ಕೆ ಎಂಬಂತೆ, “ಅವಳಿಗೆ ಶೀತ ಆಗಿದೆ,” ಎಂದರು. “ಹಲೋ ಅತ್ತೆ ಅಂದಳಲ್ಲ, ಮೂಗು ಕಟ್ಟಿತ್ತು. ಚಿಕ್ಕವಳಿದ್ದಾಗಲೂ ಅಷ್ಟೇ, ಒಂದು ಸಲ ಹಿಡಿದರೆ ಬೇಗ ಬಿಡಲ್ಲ.”

ಅವಳು ಕಣ್ಣೊರೆಸಿಕೊಳ್ಳಲು ಕೈ ಎತ್ತಿ, ಎಣ್ಣೆಯ ಕೈ ಎಂದು ನೆನಪಾಗಿ ಹಾಗೇ ಬಿಟ್ಟಳು. ಕೆಲಸ ಮುಂದುವರಿಸಿದಳು. ಅಂದು ಹೆಬ್ಬೆರಳನ್ನು ಮಡಚಿಕೊಳ್ಳಲಿಲ್ಲ. ನೋವು ಮೊಣಕೈಯವರೆಗೆ ಏರಿದರೂ ಒತ್ತಿ ಒತ್ತಿ ಆ ಬೆನ್ನಿನ ಒಂದೊಂದು ಗಂಟನ್ನೂ ಬಿಡಿಸಿದಳು.

ಮುಗಿದ ಮೇಲೆ ಟೀಚರಮ್ಮ ಎದ್ದು ಹೊದಿಕೆ ಸುತ್ತಿಕೊಂಡು ಮೇಜಿನ ಅಂಚಿನಲ್ಲಿ ಕುಳಿತರು. ಮೊದಲ ಸಲ ಅವಳ ಮುಖವನ್ನು ನೆಟ್ಟಗೆ ನೋಡಿದರು.

“ಇವತ್ತು ಹೆಬ್ಬೆರಳು ಹಾಕಿದೆ.”

ಅವಳು ಬೆಚ್ಚಿದಳು.

“ಮೊನ್ನೆ ಹಾಕಿರಲಿಲ್ಲ ನೀನು. ಬಲಗೈ ಬೆರಳು ನಿನಗೆ ಆಗಲ್ಲ ಅಂತ ಆವತ್ತೇ ಗೊತ್ತಾಯ್ತು ನನಗೆ, ಬೆನ್ನಿಗೆ ತಿಳಿಯಲ್ವಾ? ‘ಹೇಗಿತ್ತಮ್ಮ ಕೆಳಗಿನ ಅನುಭವ’ ಅಂತ ನಿಮ್ಮ ಮ್ಯಾನೇಜರು ಎರಡು ಸಲ ಕೇಳಿದ್ರು. ಕೈ ಬಹಳ ಚೆನ್ನಾಗಿದೆ ಅಂದೆ. ಬೇರೆ ಏನೂ ಹೇಳಲಿಲ್ಲ.”

ಅವಳಿಗೆ ತಲೆ ಎತ್ತಲಾಗಲಿಲ್ಲ. ಕಂಬದ ಹಿಂದೆ ನಿಂತಾಗ ಆದ ನಾಚಿಕೆಯೇ ಹೆಚ್ಚು ಎಂದುಕೊಂಡಿದ್ದಳು. ಅದು ಏನೂ ಅಲ್ಲ ಅನ್ನಿಸಿತು. ತನ್ನ ಗುಟ್ಟು ಇವರ ಹತ್ತಿರ ಮೊದಲ ದಿನದಿಂದ ಇತ್ತು; ಇವರು ಅದನ್ನು ಇಡಿಯಾಗಿ ಇಟ್ಟುಕೊಂಡಿದ್ದರು.

ಟೀಚರಮ್ಮ ಕನ್ನಡಕ ಹಾಕಿಕೊಂಡರು. ಆಡಿದ ಮಾತಿನಲ್ಲಿ ಮತ್ತೆ ‘ನೀನು’ ಬಂದಿರುವುದು ಅವರಿಗೆ ತಿಳಿದಿತ್ತೋ ಇಲ್ಲವೋ.

“ಆ ಕೂತು ಮಾಡೋ ಕೆಲಸ ಬೇಕು ನಿನಗೆ, ಅಲ್ವಾ? ಈ ಬೆರಳಲ್ಲಿ ಎಷ್ಟು ದಿನ ನಡೆಯುತ್ತೆ? ಈಗ ಮೇಲೆ ಹೋಗ್ತಿದೀನಿ, ಹೊರಡೋ ಮೊದಲು ನಿಮ್ಮ ಮ್ಯಾನೇಜರು ಮತ್ತೆ ಕೇಳೇ ಕೇಳ್ತಾರೆ. ನಾನು ಒಂದು ಮಾತು ಹೇಳಿದ್ರೆ ಕೆಲಸ ಆಗುತ್ತೆ. ಹೇಳಲಾ?”

ಮೇಲೆ ಅಂಗಳದಲ್ಲಿ ಯಾರೋ ಪೆಟ್ಟಿಗೆ ಎಳೆಯುವ ಸದ್ದು. ಅತ್ತೆ ನಿನ್ನೆ ಕೀಲಿನ ಮೇಲೆ ಸವರಿದ್ದು ಅವಳಿಗೆ ನೆನಪಾಯಿತು. ಹೂಂ ಎಂದರೆ ಸಾಕಿತ್ತು. ವರ್ಷಗಟ್ಟಲೆ ಇದೇ ಕೋಣೆಯಲ್ಲಿ ಹೂಂ ಅನ್ನುತ್ತ ಬಂದವಳಿಗೆ ಅದೇನು ಕಷ್ಟದ ಮಾತಲ್ಲ.

ಅವಳು ಕೈಯೊರೆಸಿಕೊಂಡು, ಕೆಳಗೆ ಬಿದ್ದಿದ್ದ ಅವರ ಚಪ್ಪಲಿಯನ್ನು ಜೋಡಿಸಿ ಅವರ ಪಾದದ ಮುಂದೆ ಇಟ್ಟಳು.

“ಬೇಡಮ್ಮ,” ಎಂದಳು. “ನನ್ನ ಬಗ್ಗೆ ಯಾರ ಹತ್ರನೂ ಏನೂ ಹೇಳಬೇಡಿ. ಒಳ್ಳೇದೂ ಬೇಡ.”